ಪುಸ್ತಕಕ್ಕೆ ಬೆಲೆ ಕಟ್ಟುವವರು ಯಾರು?

2010ರ ಜನವರಿ 29, ಶುಕ್ರವಾರ. ಅಮೆಜಾನ್ ಕಂಪೆನಿಯ ಅಮೆರಿಕದ ಅಂತರ್ಜಾಲ ಮಳಿಗೆಯಲ್ಲಿ ಅಂದು ಸಂಜೆ ಪುಸ್ತಕ ಹುಡುಕಿದವರಿಗೆ ಒಂದು ವಿಚಿತ್ರ ಕಾದಿತ್ತು. ಹಿಂದಿನ ವರ್ಷವಷ್ಟೇ ಬುಕರ್ ಪ್ರಶಸ್ತಿ ಪಡೆದಿದ್ದ ಹಿಲರಿ ಮ್ಯಾಂಟೆಲ್ ಅವರ ‘ವುಲ್ಫ್ ಹಾಲ್’ ಕಾದಂಬರಿಯ ಪುಟ ಇತ್ತು. ಮುಖಪುಟದ ಚಿತ್ರ, ಓದುಗರ ಅಭಿಪ್ರಾಯ ಎಲ್ಲವೂ ಇದ್ದವು. ಕೊಳ್ಳಲು ಒತ್ತಬೇಕಾದ ಗುಂಡಿ ಮಾತ್ರ ಮಾಯವಾಗಿತ್ತು. ಅದೊಂದೇ ಪುಸ್ತಕದ ಕಥೆಯಲ್ಲ. ಮ್ಯಾಕ್‌ಮಿಲನ್ ಸಂಸ್ಥೆ ಮತ್ತು ಅದರ ಅಂಗಸಂಸ್ಥೆಗಳು ಹೊರತಂದಿದ್ದ ಸಾವಿರಾರು ಪುಸ್ತಕಗಳದ್ದೂ ಅದೇ ಗತಿ. ಇ-ಪುಸ್ತಕವಿರಲಿ, ಕಾಗದದ ಮೇಲೆ ಅಚ್ಚಾದ ಪ್ರತಿಯನ್ನೂ ಅಮೆಜಾನ್‌ನಿಂದ ನೇರವಾಗಿ ಕೊಳ್ಳುವಂತಿರಲಿಲ್ಲ.

ಮ್ಯಾಕ್‌ಮಿಲನ್ ಮಾಡಿದ್ದ ತಪ್ಪೇನು? ಅದರ ಅಮೆರಿಕದ ಮುಖ್ಯಸ್ಥ ಜಾನ್ ಸಾರ್ಜೆಂಟ್ ಹಿಂದಿನ ದಿನ ಅಮೆಜಾನ್‌ನ ಕೇಂದ್ರ ಕಚೇರಿ ಇರುವ ಸಿಯಾಟಲ್‌ಗೆ ಹೋಗಿ ಒಂದು ಪ್ರಸ್ತಾವ ಇಟ್ಟಿದ್ದರು. ಇನ್ನು ಮುಂದೆ ತಮ್ಮ ಇ-ಪುಸ್ತಕಗಳ ಮಾರಾಟ ಬೆಲೆಯನ್ನು ಅಂಗಡಿಯಲ್ಲ, ಪ್ರಕಾಶಕರೇ ಗೊತ್ತುಪಡಿಸುತ್ತಾರೆ ಎಂಬುದು ಅದರ ತಿರುಳು. ಅವರು ನ್ಯೂಯಾರ್ಕ್‌ಗೆ ಮರಳುವ ಹೊತ್ತಿಗೆ ಗುಂಡಿಗಳು ಮಾಯವಾಗಿದ್ದವು.

ಭಾನುವಾರ ಅಮೆಜಾನ್ ಮಣಿಯಿತು. ಮ್ಯಾಕ್‌ಮಿಲನ್ ಪುಸ್ತಕಗಳ ಮೇಲೆ ಏಕಸ್ವಾಮ್ಯ ಇರುವುದು ಮ್ಯಾಕ್‌ಮಿಲನ್‌ಗೇ ಆದ್ದರಿಂದ ಒಪ್ಪದೆ ಬೇರೆ ದಾರಿಯಿಲ್ಲ ಎಂದು ಹೇಳಿಕೆ ಕೊಟ್ಟಿತು. ಲೋಕದ ಅತಿದೊಡ್ಡ ಪುಸ್ತಕದಂಗಡಿ ಒಬ್ಬ ಪ್ರಕಾಶಕನ ಏಕಸ್ವಾಮ್ಯದ ಬಗ್ಗೆ ದೂರಿದ್ದು ಅನೇಕರಿಗೆ ತಮಾಷೆಯಾಗಿ ಕಂಡಿತು. ಗುಂಡಿಗಳು ಮರಳಲು ಇನ್ನೂ ಕೆಲವು ದಿನ ಹಿಡಿಯಿತಾದರೂ ಹಟ ಮುರಿದದ್ದು ಎರಡೇ ದಿನದಲ್ಲಿ.

ಇದಾದ ಎರಡು ವರ್ಷಕ್ಕೆ, 2012ರ ಫೆಬ್ರುವರಿಯಲ್ಲಿ, ಗುಂಡಿ ಮತ್ತೆ ಮಾಯವಾಯಿತು. ಈ ಸಲ ಇ-ಪುಸ್ತಕಗಳದ್ದು ಮಾತ್ರ. ಶಿಕಾಗೋ ನಗರದಲ್ಲಿ ‘ಇಂಡಿಪೆಂಡೆಂಟ್ ಪಬ್ಲಿಷರ್ಸ್ ಗ್ರೂಪ್’ ಎಂಬ ವಿತರಣಾ ಸಂಸ್ಥೆಯಿದೆ. ಸ್ವಂತ ಗೋದಾಮು, ಮಾರಾಟ ಪ್ರತಿನಿಧಿಗಳನ್ನು ಇಟ್ಟುಕೊಳ್ಳಲು ಆಗದ ನೂರಾರು ಸಣ್ಣ ಪ್ರಕಾಶಕರ ಪುಸ್ತಕಗಳನ್ನು ಅದು 1971ರಿಂದ ಅಂಗಡಿಗಳಿಗೆ ತಲುಪಿಸುತ್ತ ಬಂದಿದೆ. ಒಪ್ಪಂದ ನವೀಕರಿಸುವಾಗ ಅಮೆಜಾನ್ ಹೆಚ್ಚಿನ ಪಾಲು ಕೇಳಿತು; ವಿತರಕರು ಒಪ್ಪಲಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಇ-ಪುಸ್ತಕಗಳು ಅಂಗಡಿಯಿಂದ ಕಣ್ಮರೆಯಾದವು. ಮೇ ತಿಂಗಳ ಕೊನೆಯವರೆಗೂ ಅವು ಮರಳಲಿಲ್ಲ.

ಒಂದು ಕಡೆ ಎರಡು ದಿನ, ಇನ್ನೊಂದು ಕಡೆ ಮೂರು ತಿಂಗಳು. ಇ-ಪುಸ್ತಕದ ಬೆಲೆಯ ಬಗ್ಗೆ ಅಮೆರಿಕದಲ್ಲಿ ನಡೆದ ಮಹಾಯುದ್ಧದ ವರದಿಗಳಲ್ಲಿ ಮೊದಲನೆಯ ಘಟನೆ ಎಲ್ಲ ಕಡೆ ಸಿಗುತ್ತದೆ. ಎರಡನೆಯದು ಅಡಿಟಿಪ್ಪಣಿಯಲ್ಲೂ ಅಪರೂಪ.

ಹಳೆಯ ಜಗಳ

ಬೆಲೆ ಕಟ್ಟುವ ಹಕ್ಕು ಅಚ್ಚು ಹಾಕಿದವನದೋ ಮಾರುವವನದೋ ಎಂಬ ಪ್ರಶ್ನೆ ಗಣಕಯಂತ್ರಕ್ಕಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬ್ರಿಟನ್ನಿನ ಪುಸ್ತಕದಂಗಡಿಗಳು ಒಂದರ ಮೇಲೊಂದು ಸ್ಪರ್ಧೆಗೆ ಬಿದ್ದು ರಿಯಾಯಿತಿ ಕೊಡುತ್ತ ಸೊರಗಿದ್ದವು. ಆಗ ಫ್ರೆಡರಿಕ್ ಮ್ಯಾಕ್‌ಮಿಲನ್ ಎಂಬ ಪ್ರಕಾಶಕ ಒಂದು ಉಪಾಯ ಹೂಡಿದ. ಪುಸ್ತಕದ ಮೇಲೆ ಅಚ್ಚಾದ ಬೆಲೆಗೇ ಮಾರಬೇಕು, ಕಡಿಮೆ ಮಾಡಿದ ಅಂಗಡಿಗೆ ಮುಂದೆ ಸರಬರಾಜು ಇಲ್ಲ. 1890ರಲ್ಲಿ ಈ ಕಟ್ಟುನಿಟ್ಟಿನೊಂದಿಗೆ ಹೊರಬಂದ ಮೊದಲ ಪುಸ್ತಕ ಆಲ್‌ಫ್ರೆಡ್ ಮಾರ್ಷಲ್ ಅವರ ‘ಪ್ರಿನ್ಸಿಪಲ್ಸ್ ಆಫ್ ಇಕನಾಮಿಕ್ಸ್’. ಪೂರೈಕೆ ಮತ್ತು ಬೇಡಿಕೆಗಳು ಸೇರಿ ಬೆಲೆಯನ್ನು ಹೇಗೆ ನಿರ್ಧರಿಸುತ್ತವೆ ಎಂದು ತಲೆಮಾರುಗಳಿಗೆ ಪಾಠ ಹೇಳಿದ ಗ್ರಂಥವೇ ಬೆಲೆಯನ್ನು ಬೇಡಿಕೆಗೆ ಬಿಡದ ಏರ್ಪಾಟಿನ ಮೊದಲ ಸರಕಾಯಿತು! 1900ರಿಂದ ಇದು ‘ನೆಟ್ ಬುಕ್ ಅಗ್ರಿಮೆಂಟ್’ ಎಂಬ ಹೆಸರಿನಲ್ಲಿ ಇಡೀ ಉದ್ಯಮದ ಒಪ್ಪಂದವಾಯಿತು. 1995ರಲ್ಲಿ ದೊಡ್ಡ ಪ್ರಕಾಶಕರೇ ಹೊರನಡೆದು ಕುಸಿಯುವವರೆಗೂ ಬಾಳಿತು.

ಅಮೆರಿಕದ ಪ್ರಕಾಶಕರೂ 1901ರಲ್ಲಿ ಇದೇ ದಾರಿ ಹಿಡಿದರು. ಅಲ್ಲಿ ಎದುರಾದದ್ದು ನ್ಯೂಯಾರ್ಕ್‌ನ ಮೇಸೀಸ್ ಎಂಬ ಭಾರಿ ಮಳಿಗೆ. ಸ್ಟ್ರಾಸ್ ಸಹೋದರರ ಒಡೆತನದ ಈ ಮಳಿಗೆಯಲ್ಲಿ ಬಟ್ಟೆ, ಪಾತ್ರೆ, ಪೀಠೋಪಕರಣಗಳ ಜೊತೆ ಪುಸ್ತಕಗಳನ್ನೂ ಅಗ್ಗಕ್ಕೆ ಇಟ್ಟು ಗಿರಾಕಿಯನ್ನು ಒಳಗೆಳೆಯುತ್ತಿದ್ದರು. ಇಂಡಿಯಾನಾಪೊಲಿಸ್‌ನ ಬಾಬ್ಸ್-ಮೆರಿಲ್ ಸಂಸ್ಥೆ 1904ರಲ್ಲಿ ‘ದಿ ಕ್ಯಾಸ್ಟವೇ’ ಎಂಬ ಕಾದಂಬರಿ ಪ್ರಕಟಿಸಿ, ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಅದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು ಪುಸ್ತಕದಲ್ಲೇ ಎಚ್ಚರಿಕೆ ಅಚ್ಚು ಹಾಕಿತು. ಮೇಸೀಸ್ ಅದನ್ನು 89 ಸೆಂಟಿಗೆ ಮಾರಿತು. ಮೊಕದ್ದಮೆ ಸುಪ್ರೀಂ ಕೋರ್ಟ್‌ ತಲುಪಿ 1908ರಲ್ಲಿ ತೀರ್ಪು ಬಂತು. ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ ಅದರ ಮುಂದಿನ ಬೆಲೆಯ ಮೇಲೆ ಪ್ರಕಾಶಕನಿಗೆ ಹಕ್ಕುಸ್ವಾಮ್ಯದ ಬಲದಿಂದ ಯಾವ ಹಿಡಿತವೂ ಇಲ್ಲ. ಹಳೆ ಪುಸ್ತಕದಂಗಡಿ ನಡೆಸುವವರು, ಗ್ರಂಥಾಲಯಗಳು ಇಂದಿಗೂ ನೆಮ್ಮದಿಯಾಗಿರುವುದು ಈ ತತ್ವದ ನೆರಳಿನಲ್ಲಿ.

ಪ್ರಕಾಶಕರ ಸಂಘ ಮೇಸೀಸ್‌ಗೆ ಹಾಕಿದ್ದ ಬಹಿಷ್ಕಾರವೂ 1913ರಲ್ಲಿ ಅದೇ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಹಿರಿಯಣ್ಣ ಇಸಿಡೋರ್ ಸ್ಟ್ರಾಸ್ ಈ ಗೆಲುವನ್ನು ಕಾಣಲಿಲ್ಲ. ಹಿಂದಿನ ವರ್ಷ ಟೈಟಾನಿಕ್ ಹಡಗಿನಲ್ಲಿ ಪತ್ನಿಯೊಂದಿಗೆ ಮುಳುಗಿಹೋಗಿದ್ದರು.

ಹೀಗೆ ಅಮೆರಿಕದಲ್ಲಿ ಪ್ರಶ್ನೆ ತೀರ್ಮಾನವಾಗಿತ್ತು. ಕೊಂಡವನದು ಸರಕು, ಮಾರುವ ಬೆಲೆಯೂ ಅವನದೇ. ಆದರೆ ಆ ತೀರ್ಪಿನ ಅಡಿಗಲ್ಲು ‘ಕೊಂಡ’ ಎಂಬ ಪದದ ಮೇಲೆ ನಿಂತಿತ್ತು. ಇ-ಪುಸ್ತಕವನ್ನು ಯಾರೂ ಆ ಅರ್ಥದಲ್ಲಿ ಕೊಳ್ಳುವುದಿಲ್ಲ. ಓದುಗನಿಗೆ ಸಿಗುವುದು ಓದುವ ಪರವಾನಗಿ. ಹಕ್ಕಿಲ್ಲದವರು ಅಂಗಡಿಗೆ ಹಾಕಿದ್ದರೆಂಬ ಕಾರಣಕ್ಕೆ 2009ರ ಜುಲೈನಲ್ಲಿ ಅಮೆಜಾನ್ ಕೆಲವು ಪ್ರತಿಗಳನ್ನು, ಹಣ ಕೊಟ್ಟು ಇಳಿಸಿಕೊಂಡಿದ್ದ ಓದುಗರ ಸಾಧನಗಳಿಂದಲೇ ಅಳಿಸಿಹಾಕಿದಾಗ ಇದು ಜನರಿಗೆ ಅರ್ಥವಾಯಿತು. ಅಳಿಸಿದ ಪುಸ್ತಕಗಳಲ್ಲಿ ಜಾರ್ಜ್ ಆರ್ವೆಲ್ ಅವರ ‘1984’ ಕೂಡ ಇದ್ದದ್ದು ವಿಧಿಯ ವಿಡಂಬನೆ.

9.99ರ ಮೋಡಿ

ಅಮೆಜಾನ್ ತನ್ನ ‘ಕಿಂಡಲ್’ ಓದುಯಂತ್ರವನ್ನು ಬಿಡುಗಡೆ ಮಾಡಿದ್ದು 2007ರ ನವೆಂಬರ್ 19ರಂದು. ಬೆಲೆ 399 ಡಾಲರ್. ಐದೂವರೆ ಗಂಟೆಯಲ್ಲಿ ದಾಸ್ತಾನು ಖಾಲಿ. ಅದೇ ಸಮಾರಂಭದಲ್ಲಿ ಕಂಪೆನಿಯ ಸ್ಥಾಪಕ ಜೆಫ್ ಬೆಜೋಸ್ ಹೊಸ ಹಾಗೂ ಹೆಚ್ಚು ಮಾರಾಟವಾಗುವ ಪುಸ್ತಕಗಳ ಬೆಲೆ 9.99 ಡಾಲರ್ ಎಂದು ಸಾರಿದರು. ತಿಂಗಳುಗಟ್ಟಲೆ ಕೂತು ಪುಸ್ತಕಗಳನ್ನು ಇ-ರೂಪಕ್ಕೆ ತಂದುಕೊಟ್ಟಿದ್ದ ಪ್ರಕಾಶಕರಿಗೆ ಈ ಬೆಲೆ ಮೊದಲು ಗೊತ್ತಾದದ್ದೇ ಅಂದು.

ಲೆಕ್ಕ ಹೀಗಿತ್ತು. ಹೊಸ ಕಾದಂಬರಿಯ ರಟ್ಟು ಹೊದಿಕೆಯ ಪ್ರತಿಗೆ 26 ಡಾಲರ್ ಎಂದುಕೊಂಡರೆ ಅಂಗಡಿಗೆ ಅದು ಹೆಚ್ಚುಕಡಿಮೆ ಅರ್ಧ ಬೆಲೆಗೆ, ಅಂದರೆ 13 ಡಾಲರಿಗೆ ಸಿಗುತ್ತಿತ್ತು. ಇ-ಪುಸ್ತಕದ ಸಗಟು ದರವೂ ಅದರ ಆಸುಪಾಸಿನಲ್ಲೇ ಇತ್ತು. ಅದನ್ನು 9.99ಕ್ಕೆ ಮಾರಿದರೆ ಪ್ರತಿಯೊಂದಕ್ಕೆ ಎರಡು ಮೂರು ಡಾಲರ್ ಕೈಯಿಂದ ಹೋಗುತ್ತದೆ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರ ರಿಯಾಯಿತಿ ಮಾರಾಟ ಇಟ್ಟಾಗ ಆ ಹೊರೆ ಯಾರದು ಎಂಬುದು ಸ್ಪಷ್ಟ. ಪ್ರಕಟಣೆ ಅದರದೇ, ರಿಯಾಯಿತಿಯೂ ಅದರದೇ. ಇಲ್ಲಿ ಇನ್ನೊಬ್ಬರ ಪುಸ್ತಕವನ್ನು ಅಂಗಡಿಯವರು ತಮ್ಮ ನಷ್ಟದಲ್ಲಿ ಮಾರುತ್ತಿದ್ದರು. ಎಲ್ಲ ಪುಸ್ತಕಗಳಲ್ಲೂ ನಷ್ಟವಿರಲಿಲ್ಲ. ಒಟ್ಟಾರೆ ಅಮೆಜಾನ್‌ನ ಇ-ಪುಸ್ತಕ ವ್ಯಾಪಾರ ಲಾಭದಲ್ಲೇ ಇತ್ತೆಂದು ಅಮೆರಿಕದ ನ್ಯಾಯಾಂಗ ಇಲಾಖೆ ಮುಂದೆ ಹೇಳಿತು.

ಪ್ರಕಾಶಕರಿಗೆ ಪೂರ್ತಿ 13 ಡಾಲರ್ ಸಿಗುತ್ತಿದ್ದಾಗ ಅವರಿಗೇನು ನೋವು? ನೋವು ಇಂದಿನದಲ್ಲ, ನಾಳೆಯದು. ಹತ್ತು ಡಾಲರೇ ಪುಸ್ತಕದ ನ್ಯಾಯವಾದ ಬೆಲೆ ಎಂಬುದು ಓದುಗನ ಮನಸ್ಸಿನಲ್ಲಿ ಒಮ್ಮೆ ಊರಿದರೆ 26 ಡಾಲರಿನ ರಟ್ಟಿನ ಪ್ರತಿ ಯಾರಿಗೂ ಬೇಡವಾಗುತ್ತದೆ. ಪೈಪೋಟಿಯ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಅಮೆಜಾನ್ ತಿರುಗಿ ನಿಂತು ಸಗಟು ದರವನ್ನೂ ಇಳಿಸಿ ಎನ್ನುತ್ತದೆ. 2009ರ ಕೊನೆಗೆ ಅಮೆರಿಕದ ಇ-ಪುಸ್ತಕ ಮಾರುಕಟ್ಟೆಯ ಸುಮಾರು ಶೇ 90 ಅಮೆಜಾನ್ ಕೈಯಲ್ಲಿತ್ತು.

ಇದಕ್ಕೆ ಮದ್ದಾಗಿ ಕಂಡದ್ದು ಆ್ಯಪಲ್. 2010ರ ಜನವರಿ 27ರಂದು ಐಪ್ಯಾಡ್ ಪ್ರಕಟವಾಯಿತು. ಅದಕ್ಕೆ ಪುಸ್ತಕದ ಅಂಗಡಿ ಕಟ್ಟಲು ಎಡ್ಡಿ ಕ್ಯೂ ಎಂಬ ಅಧಿಕಾರಿ ಡಿಸೆಂಬರಿನಿಂದಲೇ ನ್ಯೂಯಾರ್ಕ್‌ನ ಪ್ರಕಾಶಕರನ್ನು ಸುತ್ತಿದ್ದರು. ಅವರು ಒಯ್ದದ್ದು ‘ಏಜೆನ್ಸಿ’ ಪದ್ಧತಿ. ಮಂಡಿಯ ದಲಾಲರ ವ್ಯವಹಾರ ಬಲ್ಲವರಿಗೆ ಇದು ಹೊಸದೇನಲ್ಲ. ಸರಕು ಅಂಗಡಿಯದಲ್ಲ, ಮಾರಿಕೊಟ್ಟದ್ದಕ್ಕೆ ಕಮಿಷನ್ ಅಷ್ಟೆ. ಬೆಲೆ ಪ್ರಕಾಶಕ ಹೇಳಿದ್ದು, ಅದರಲ್ಲಿ ಶೇ 30 ಆ್ಯಪಲ್‌ಗೆ. ಮಾರುವವನು ಪ್ರಕಾಶಕನೇ ಆದ್ದರಿಂದ 1908ರ ತೀರ್ಪು ಅಡ್ಡ ಬರುವುದಿಲ್ಲ. ನೂರು ವರ್ಷದ ಹಿಂದೆ ಕಳೆದುಕೊಂಡ ಹಕ್ಕು ಹಿಂಬಾಗಿಲಿನಿಂದ ಮರಳಿತ್ತು.

ಸ್ವಾರಸ್ಯವೆಂದರೆ ಹೊಸ ಪದ್ಧತಿಯಲ್ಲಿ ಪ್ರಕಾಶಕರಿಗೆ ಬರುವ ಹಣ ಕಡಿಮೆ. 12.99 ಡಾಲರಿನ ಶೇ 70 ಎಂದರೆ 9.09 ಡಾಲರ್. ಸಗಟಿನಲ್ಲಿ ಸಿಗುತ್ತಿದ್ದ 13ರ ಬದಲು 9ಕ್ಕೆ ಒಪ್ಪಿ, ಓದುಗನಿಗೆ ಮೂರು ಡಾಲರ್ ಹೆಚ್ಚು ಹಾಕಿ, ಅದನ್ನು ಗೆಲುವೆಂದು ಭಾವಿಸಿದರು. ಬೆಲೆಯ ಹಿಡಿತಕ್ಕೆ ಅವರು ಕೊಟ್ಟ ಬೆಲೆ ಅದು. ಆ್ಯಪಲ್ ಒಪ್ಪಂದದಲ್ಲಿ ಇನ್ನೊಂದು ಕೊಕ್ಕೆಯೂ ಇತ್ತು. ಬೇರೆ ಯಾವ ಅಂಗಡಿಯಲ್ಲಾದರೂ ಪುಸ್ತಕ ಅಗ್ಗಕ್ಕೆ ಸಿಕ್ಕರೆ ಆ್ಯಪಲ್‌ನಲ್ಲೂ ಅದೇ ಬೆಲೆಗೆ ಕೊಡಬೇಕು. ಹಾಗಾಗಿ ಅಮೆಜಾನನ್ನೂ ಇದೇ ದಾರಿಗೆ ತರದೆ ವಿಧಿಯಿರಲಿಲ್ಲ. ಸಾರ್ಜೆಂಟ್ ಸಿಯಾಟಲ್‌ಗೆ ಹೋದ ಕಾರಣ ಇದು. ಆರು ಮಂದಿ ದೊಡ್ಡ ಪ್ರಕಾಶಕರ ಪೈಕಿ ಮ್ಯಾಕ್‌ಮಿಲನ್, ಪೆಂಗ್ವಿನ್, ಹ್ಯಾಷೆಟ್, ಹಾರ್ಪರ್‌ಕಾಲಿನ್ಸ್, ಸೈಮನ್ ಅಂಡ್ ಶುಸ್ಟರ್ ಸಹಿ ಹಾಕಿದವು. ರ‍್ಯಾಂಡಮ್ ಹೌಸ್ ಮಾತ್ರ 2011ರ ಮಾರ್ಚ್‌ವರೆಗೆ ದೂರ ನಿಂತಿತು.

ಚಿಕ್ಕವರ ಪಾಡು

ದೊಡ್ಡ ಐವರಿಗೆ ತಲೆಬಾಗಿದ ಅಮೆಜಾನ್ ಅದೇ ಸವಲತ್ತನ್ನು ಉಳಿದವರಿಗೆ ಕೊಡಲು ಸಿದ್ಧವಿರಲಿಲ್ಲ. ಅಲ್ಲಿಂದ ಮಾರುಕಟ್ಟೆ ಎರಡು ಸಾಲಾಯಿತು. ದೊಡ್ಡವರ ಪುಸ್ತಕಕ್ಕೆ ಪ್ರಕಾಶಕ ಹೇಳಿದ ಬೆಲೆ. ಚಿಕ್ಕವರ ಪುಸ್ತಕಕ್ಕೆ ಅಂಗಡಿ ಹೇಳಿದ ಬೆಲೆ, ಅಂಗಡಿ ಕೇಳಿದಷ್ಟು ಪಾಲು.

ಸಣ್ಣ ಪ್ರಕಾಶಕನ ಲೆಕ್ಕವೇ ಬೇರೆ. ದೊಡ್ಡ ಸಂಸ್ಥೆಗೆ ಹತ್ತು ಪುಸ್ತಕ ಸೋತರೂ ಒಂದು ಜನಪ್ರಿಯ ಕಾದಂಬರಿ ಎತ್ತಿ ಹಿಡಿಯುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಪುಸ್ತಕ ತರುವವನಿಗೆ ಪ್ರತಿಯೊಂದೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಸಾವಿರ ಪ್ರತಿ ಹಾಕಿ ವರ್ಷಗಟ್ಟಲೆ ಕಾಯುವ ಕನ್ನಡ ಪ್ರಕಾಶಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇ-ಪುಸ್ತಕಕ್ಕೆ ಕಾಗದ, ಗೋದಾಮು, ಸಾಗಣೆಯ ಖರ್ಚಿಲ್ಲ ನಿಜ. ಆದರೆ ಅನುವಾದಕನ ಸಂಭಾವನೆ, ಕರಡು ತಿದ್ದುವವರ ಕೂಲಿ, ಲೇಖಕನ ಗೌರವಧನ ಪ್ರತಿಗಳ ಸಂಖ್ಯೆ ಕಡಿಮೆಯೆಂದು ಕುಗ್ಗುವುದಿಲ್ಲ. ಅಂಗಡಿ ಇನ್ನು ಐದು ಶೇಕಡಾ ಕೇಳಿದರೆ ಅದು ಹೋಗುವುದು ಈ ಕೂಲಿಯಿಂದಲೇ.

ಅಮೆಜಾನ್‌ನೊಂದಿಗೆ ಚಿಕ್ಕವರ ಅನುಭವ ಕಿಂಡಲ್‌ಗಿಂತ ಹಿಂದಿನದು. ನ್ಯೂಯಾರ್ಕ್‌ನ ಬ್ರೂಕ್ಲಿನ್ ಭಾಗದ ಮೆಲ್‌ವಿಲ್ ಹೌಸ್ ಸಂಸ್ಥೆಯ ಡೆನಿಸ್ ಜಾನ್ಸನ್, 2004ರಲ್ಲಿ ಅಮೆಜಾನ್ ಕೇಳಿದ ಹೆಚ್ಚುವರಿ ಶುಲ್ಕದ ಬಗ್ಗೆ ವೃತ್ತಿಪತ್ರಿಕೆಯೊಂದರಲ್ಲಿ ದೂರಿದ ಬೆನ್ನಿಗೇ ತಮ್ಮ ಪುಸ್ತಕಗಳ ಕೊಳ್ಳುವ ಗುಂಡಿ ಹೋಯಿತು, ಕೊನೆಗೆ ಹಣ ಕಟ್ಟಬೇಕಾಯಿತು ಎಂದು ಮುಂದೆ ಪತ್ರಿಕೆಗಳಿಗೆ ಹೇಳಿದ್ದಾರೆ. ಪತ್ರಕರ್ತ ಬ್ರ್ಯಾಡ್ ಸ್ಟೋನ್ 2013ರಲ್ಲಿ ಪ್ರಕಟಿಸಿದ ಅಮೆಜಾನ್ ಚರಿತ್ರೆಯ ಪ್ರಕಾರ, ಬಡಕಲು ಜಿಂಕೆಯನ್ನು ಚಿರತೆ ಬೆನ್ನಟ್ಟುವಂತೆ ಸಣ್ಣ ಪ್ರಕಾಶಕರನ್ನು ಸಮೀಪಿಸಬೇಕೆಂದು ಬೆಜೋಸ್ ಸಲಹೆ ಕೊಟ್ಟಿದ್ದರು. ಆ ಕಾರ್ಯಕ್ರಮಕ್ಕೆ ಕಂಪೆನಿಯೊಳಗೆ ಜಿಂಕೆಯ ಹೆಸರೇ ಇತ್ತು. ವಕೀಲರು ಅದನ್ನು ಬದಲಿಸಿ ‘ಸಣ್ಣ ಪ್ರಕಾಶಕರ ಮಾತುಕತೆ ಕಾರ್ಯಕ್ರಮ’ ಎಂಬ ಸಾಧು ಹೆಸರು ಇಟ್ಟರಂತೆ.

ಶಿಕಾಗೋದ ವಿತರಕರಿಗೆ 2012ರಲ್ಲಿ ಸಿಕ್ಕ ಬೆಂಬಲ ಬಂದದ್ದು ಅನಿರೀಕ್ಷಿತ ಕಡೆಯಿಂದ. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ತನ್ನ ಸದಸ್ಯರ ಪುಸ್ತಕಗಳ ವಿವರದಲ್ಲಿ ಅಮೆಜಾನ್ ಕೊಂಡಿಗಳನ್ನು ತೆಗೆದು ಬೇರೆ ಅಂಗಡಿಗಳತ್ತ ಓದುಗರನ್ನು ಕಳಿಸಿತು. ಬರಹಗಾರರಿಗೆ ಕೈಲಾದ ಪ್ರತಿಭಟನೆ ಅಷ್ಟೇ.

ಎಲ್ಲ ಸಣ್ಣವರೂ ಸೋತರು ಎಂದರೆ ಅರ್ಧ ಸತ್ಯವಾದೀತು. ವೈಜ್ಞಾನಿಕ ಕಥೆಗಳ ಚಿಕ್ಕ ಪ್ರಕಾಶಕ ಜಿಮ್ ಬೇನ್, ಕಿಂಡಲ್ ಹುಟ್ಟುವುದಕ್ಕೆ ಎಂಟು ವರ್ಷ ಮುಂಚೆ, 1999ರಲ್ಲೇ ಇ-ಪುಸ್ತಕಗಳ ಸ್ವಂತ ಅಂಗಡಿ ತೆರೆದಿದ್ದರು. ನಕಲು ತಡೆಯುವ ಬೀಗಮುದ್ರೆ ಇಲ್ಲ, ಬಿಡಿ ಪುಸ್ತಕಕ್ಕೆ ಆರು ಡಾಲರ್ ಆಸುಪಾಸು, ತಿಂಗಳ ಹೊಸ ಪುಸ್ತಕಗಳ ಕಟ್ಟು ಇನ್ನೂ ಅಗ್ಗ. ಓದುಗರು ಕದಿಯುತ್ತಾರೆಂದು ದೊಡ್ಡವರು ನಡುಗುತ್ತಿದ್ದಾಗ ಬೇನ್ ಕೆಲವು ಪುಸ್ತಕಗಳನ್ನು ಉಚಿತವಾಗಿಯೇ ಕೊಟ್ಟರು, ಆ ಲೇಖಕರ ಉಳಿದ ಪುಸ್ತಕಗಳ ಮಾರಾಟ ಏರಿದ್ದನ್ನು ತೋರಿಸಿದರು. ಅವರು 2006ರಲ್ಲಿ ತೀರಿಕೊಂಡರು. ಸಂಸ್ಥೆ 2012ರ ಡಿಸೆಂಬರಿನಲ್ಲಿ ಅಮೆಜಾನ್ ಅಂಗಡಿಯನ್ನು ಪ್ರವೇಶಿಸಿತು. ಆ ಒಪ್ಪಂದಕ್ಕೆ ಹೊಂದಿಸಲು ಸ್ವಂತ ಅಂಗಡಿಯ ಹಳೆಯ ಅಗ್ಗದ ದರಗಳನ್ನು ಕೈಬಿಡಬೇಕಾಯಿತು. ದೊಡ್ಡ ಸಂತೆಗೆ ಹೋಗುವ ಸಣ್ಣ ವ್ಯಾಪಾರಿ ತೆರುವ ಸುಂಕ ಬರೀ ಕಮಿಷನ್ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಪ್ರಕಾಶಕರೇ ಇಲ್ಲದ ಲೇಖಕರಿಗಂತೂ ಅಮೆಜಾನ್ ದೊಡ್ಡ ಬಾಗಿಲು ತೆರೆಯಿತು. 2010ರ ಜನವರಿಯಲ್ಲಿ, ಐಪ್ಯಾಡ್ ಪ್ರಕಟವಾಗುವ ಒಂದು ವಾರ ಮೊದಲು, ಸ್ವಂತವಾಗಿ ಪ್ರಕಟಿಸುವವರಿಗೆ ಶೇ 70 ಕೊಡುವುದಾಗಿ ಅದು ಸಾರಿತು. ಅದರ ಷರತ್ತುಗಳಲ್ಲಿ ಒಂದು, ಬೆಲೆ 2.99 ಮತ್ತು 9.99 ಡಾಲರುಗಳ ನಡುವೆ ಇರಬೇಕು. ಗಡಿ ದಾಟಿದರೆ ಪಾಲು ಶೇ 35ಕ್ಕೆ ಇಳಿಯುತ್ತದೆ. ಬೆಲೆ ಕಟ್ಟುವ ಸ್ವಾತಂತ್ರ್ಯ ಲೇಖಕನದೇ, ಬೇಲಿ ಮಾತ್ರ ಅಂಗಡಿಯದು. ಮಿನೆಸೋಟ ರಾಜ್ಯದ ಅಮಾಂಡಾ ಹಾಕಿಂಗ್ ಎಂಬ ಯುವತಿ, ಪ್ರಕಾಶಕರಿಂದ ತಿರಸ್ಕೃತವಾದ ಕಾದಂಬರಿಗಳನ್ನು ಒಂದು ಡಾಲರಿನಿಂದ ಮೂರು ಡಾಲರಿನ ಒಳಗಿನ ಬೆಲೆಗೆ ಇಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿದರು. 2011ರ ಮಾರ್ಚ್‌ನಲ್ಲಿ ಅವರ ಮುಂದಿನ ನಾಲ್ಕು ಪುಸ್ತಕಗಳಿಗೆ 20 ಲಕ್ಷ ಡಾಲರ್ ಮೀರಿದ ಮೊತ್ತ ಕೊಟ್ಟು ಒಪ್ಪಂದ ಮಾಡಿಕೊಂಡದ್ದು ಯಾರು? ಮ್ಯಾಕ್‌ಮಿಲನ್‌ನದೇ ಅಂಗಸಂಸ್ಥೆ ಸೇಂಟ್ ಮಾರ್ಟಿನ್ಸ್ ಪ್ರೆಸ್.

ಬಾಗಿಲು ಎಲ್ಲ ಭಾಷೆಗಳಿಗೂ ಒಟ್ಟಿಗೆ ತೆರೆಯಲಿಲ್ಲ. ಕಿಂಡಲ್ ಅಂಗಡಿ 2012ರಲ್ಲಿ ಭಾರತಕ್ಕೆ ಬಂತು. 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ವಿಭಾಗ ಆರಂಭವಾದಾಗ ಅದರಲ್ಲಿದ್ದವು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಇರಲಿಲ್ಲ. 2020ರಲ್ಲಿ ಬೆಂಗಳೂರಿನಲ್ಲಿ ‘ಮೈಲ್ಯಾಂಗ್ ಬುಕ್ಸ್’ ಕನ್ನಡದ ಇ-ಪುಸ್ತಕ ಮತ್ತು ಕೇಳುಪುಸ್ತಕಗಳಿಗಾಗಿಯೇ ಅಂಗಡಿ ತೆರೆಯಿತು. ಇತರರು ಬೆಲೆಗಾಗಿ ಜಗಳವಾಡುತ್ತಿದ್ದ ಕಾಲಕ್ಕೆ ಕನ್ನಡದ ಸಣ್ಣ ಪ್ರಕಾಶಕರಿಗೆ ಮಾರಲು ಜಾಗ ಸಿಗುವುದೇ ಕಷ್ಟವಾಗಿತ್ತು.

ನ್ಯಾಯಾಲಯದಲ್ಲಿ

ಅಮೆರಿಕದ ನ್ಯಾಯಾಂಗ ಇಲಾಖೆ 2012ರ ಏಪ್ರಿಲ್ 11ರಂದು ಮೊಕದ್ದಮೆ ಹೂಡಿತು. ಆಪಾದಿತರು ಅಮೆಜಾನ್ ಅಲ್ಲ. ಆ್ಯಪಲ್ ಮತ್ತು ಐವರು ಪ್ರಕಾಶಕರು. ಏಜೆನ್ಸಿ ಪದ್ಧತಿಯೇ ಅಪರಾಧ ಎಂದು ಇಲಾಖೆ ಹೇಳಲಿಲ್ಲ. ಎಲ್ಲರೂ ಸೇರಿ ಮಾತಾಡಿಕೊಂಡು ಒಂದೇ ಸಲ ಅದಕ್ಕೆ ಹೋದದ್ದು ಅಪರಾಧ. ಪ್ರಕಾಶನ ಸಂಸ್ಥೆಗಳ ಮುಖ್ಯಸ್ಥರು ನ್ಯೂಯಾರ್ಕ್‌ನ ಹೋಟೆಲುಗಳ ಖಾಸಗಿ ಕೋಣೆಗಳಲ್ಲಿ ಆಗಾಗ ಊಟಕ್ಕೆ ಸೇರಿ 9.99ರ ಸಂಕಟ ಹಂಚಿಕೊಂಡದ್ದು, ಒಬ್ಬರಿಗೊಬ್ಬರು ಫೋನು ಮಾಡಿದ್ದು ಎಲ್ಲ ಕಡತ ಸೇರಿತು.

ಹ್ಯಾಷೆಟ್, ಹಾರ್ಪರ್‌ಕಾಲಿನ್ಸ್, ಸೈಮನ್ ಅಂಡ್ ಶುಸ್ಟರ್ ಅಂದೇ ರಾಜಿಗೆ ಒಪ್ಪಿದವು. ಅಂಗಡಿಗಳು ಮತ್ತೆ ರಿಯಾಯಿತಿ ಕೊಡಬಹುದು ಎಂಬುದು ರಾಜಿಯ ಮುಖ್ಯ ಅಂಶ. ಕಾನೂನಿನಂತೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 868 ಪತ್ರಗಳು ಬಂದವು. ಹೆಚ್ಚಿನವು ರಾಜಿಗೆ ವಿರೋಧ. ಬರೆದವರಲ್ಲಿ ಬೀದಿ ಬದಿಯ ಪುಸ್ತಕದಂಗಡಿಯವರು, ಲೇಖಕರ ಸಂಘ, ಯಾವ ಊಟಕ್ಕೂ ಕರೆ ಇಲ್ಲದ ಸ್ವತಂತ್ರ ಪ್ರಕಾಶಕರು ಇದ್ದರು. ತಪ್ಪು ಮಾಡಿದ ದೊಡ್ಡವರಿಗೆ ಶಿಕ್ಷೆಯಾಗಲಿ, ಆದರೆ ಅಸಲಿಗಿಂತ ಕಡಿಮೆಗೆ ಮಾರುವ ಕಾಲ ಮರಳಿದರೆ ಸಾಯುವವರು ತಾವು ಎಂಬುದು ಅವರ ಅಳಲು. ಬಾಬ್ ಕೋನ್ ಎಂಬ ವಕೀಲರಿಗೆ ನ್ಯಾಯಾಲಯ ಐದೇ ಪುಟದ ಮಿತಿ ಹಾಕಿದಾಗ ಅವರು ತಮ್ಮ ವಾದವನ್ನು ಐದು ಪುಟದ ಚಿತ್ರಕಥೆಯಾಗಿ ಬರೆಸಿ ಸಲ್ಲಿಸಿದರು! ನ್ಯಾಯಾಧೀಶೆ ಡೆನಿಸ್ ಕೋಟ್ ಇವನ್ನೆಲ್ಲ ನೋಡಿ, 2012ರ ಸೆಪ್ಟೆಂಬರ್ 6ರಂದು ರಾಜಿಗೆ ಮುದ್ರೆ ಒತ್ತಿದರು. ಮಾರುಕಟ್ಟೆಯ ಪಾಳೆಯಗಾರರಿಂದ ಸಣ್ಣವರನ್ನು ಕಾಪಾಡುವುದು ಈ ಮೊಕದ್ದಮೆಯ ವಿಷಯವಾಗಿರಲಿಲ್ಲ.

ಇಲ್ಲೊಂದು ಕಟು ವಾಸ್ತವ ಅಡಗಿದೆ. ಹತ್ತು ಮಂದಿ ಸಣ್ಣ ಪ್ರಕಾಶಕರು ಸೇರಿ ಇಂಥ ಬೆಲೆಗಿಂತ ಕಡಿಮೆಗೆ ಕೊಡುವುದಿಲ್ಲ ಎಂದು ತೀರ್ಮಾನಿಸಿದರೆ ಅದು ಒಳಸಂಚು. ಒಂದೇ ದೊಡ್ಡ ಅಂಗಡಿ ಆ ಹತ್ತೂ ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಇಂತಿಷ್ಟು ಪಾಲು ಕೊಡಿ ಎಂದರೆ ಅದು ವ್ಯಾಪಾರ. ದೊಡ್ಡವರಿಗೆ ಒಂದಾಗಲು ಇನ್ನೊಂದು ದಾರಿ ಉಂಟು. ಪೆಂಗ್ವಿನ್ ಮತ್ತು ರ‍್ಯಾಂಡಮ್ ಹೌಸ್ 2013ರ ಜುಲೈ 1ರಂದು ವಿಲೀನವಾಗಿ ಒಂದೇ ಕಂಪೆನಿಯಾದವು. ಕೂಡಿ ಮಾತಾಡಿದ್ದು ತಪ್ಪಾಗಿತ್ತು, ಕೂಡಿಯೇ ಹೋದದ್ದಕ್ಕೆ ಅನುಮತಿ ಸಿಕ್ಕಿತು.

ಪೆಂಗ್ವಿನ್, ಮ್ಯಾಕ್‌ಮಿಲನ್ ಕೂಡ ರಾಜಿಯಾಗಿ, ವಿಚಾರಣೆ ಎದುರಿಸಿದ್ದು ಆ್ಯಪಲ್ ಒಂದೇ. 2013ರ ಜುಲೈ 10ರಂದು ಕೋಟ್ ಅದು ತಪ್ಪಿತಸ್ಥ ಎಂದರು. ಏಜೆನ್ಸಿ ಬಂದ ಹೊಸತರಲ್ಲೇ ಐವರು ಪ್ರಕಾಶಕರ ಇ-ಪುಸ್ತಕಗಳ ಬೆಲೆ ಸರಾಸರಿ ಶೇ 18.6 ಏರಿತ್ತು ಎಂಬ ಲೆಕ್ಕ ತೀರ್ಪಿನಲ್ಲಿದೆ. ಮೇಲ್ಮನವಿಯಲ್ಲಿ, 2015ರ ಜೂನ್ 30ರಂದು, ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಎತ್ತಿ ಹಿಡಿದರು. ಎದುರಾಳಿ ಬಲಿಷ್ಠನೆಂದು ವ್ಯಾಪಾರಿಗಳೇ ಕಾನೂನನ್ನು ಕೈಗೆತ್ತಿಕೊಳ್ಳುವಂತಿಲ್ಲ ಎಂಬುದು ಅವರ ನಿಲುವು. ಭಿನ್ನಮತ ಬರೆದ ಡೆನಿಸ್ ಜೇಕಬ್ಸ್, ಶೇ 90 ಹಿಡಿದಿದ್ದ ಅಮೆಜಾನ್‌ಗೆ ಆ್ಯಪಲ್ ಪ್ರವೇಶದಿಂದಲೇ ಪೈಪೋಟಿ ಹುಟ್ಟಿತಲ್ಲವೇ ಎಂದು ಕೇಳಿದರು. 2016ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅರ್ಜಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಆ್ಯಪಲ್ 45 ಕೋಟಿ ಡಾಲರ್ ಕಟ್ಟಬೇಕಾಯಿತು. ಅದರಲ್ಲಿ 40 ಕೋಟಿ ಓದುಗರ ಪಾಲು.

ಫ್ರಾನ್ಸಿನಲ್ಲಿ ಇದೇ ಕಥೆ ತಲೆಕೆಳಗು. ಅಲ್ಲಿ 1981ರಿಂದ ಅಚ್ಚಾದ ಪುಸ್ತಕಕ್ಕೆ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ. 2011ರ ಮೇ ತಿಂಗಳಲ್ಲಿ ಇ-ಪುಸ್ತಕಕ್ಕೂ ಪ್ರಕಾಶಕನೇ ಬೆಲೆ ಗೊತ್ತುಪಡಿಸಬೇಕು, ಎಲ್ಲ ಅಂಗಡಿಗಳೂ ಅದನ್ನೇ ಪಾಲಿಸಬೇಕು ಎಂದು ಸಂಸತ್ತೇ ಕಾನೂನು ಮಾಡಿತು. ನ್ಯೂಯಾರ್ಕ್‌ನಲ್ಲಿ ಗುಟ್ಟಾಗಿ ಸಾಧಿಸಲು ಹೋಗಿ ದಂಡ ತೆತ್ತದ್ದನ್ನು ಪ್ಯಾರಿಸ್ಸಿನಲ್ಲಿ ಬಹಿರಂಗವಾಗಿ ಶಾಸನ ಮಾಡಿದರು. ದೊಡ್ಡವನಿಗೂ ಚಿಕ್ಕವನಿಗೂ ಅಲ್ಲಿ ಒಂದೇ ನಿಯಮ.

ಅಮೆರಿಕದಲ್ಲಿ ಕೊನೆಗೆ ಉಳಿದದ್ದೇನು? 2014ರಲ್ಲಿ ಹಳೆಯ ರಾಜಿಗಳ ಅವಧಿ ಮುಗಿಯುತ್ತ ಬಂದಂತೆ ಹ್ಯಾಷೆಟ್ ಮತ್ತು ಅಮೆಜಾನ್ ಮತ್ತೆ ಜಗಳಕ್ಕೆ ಬಿದ್ದವು. ಮುಂಗಡ ಕಾದಿರಿಸುವ ಗುಂಡಿಗಳು ಮಾಯ, ಪುಸ್ತಕ ತಲುಪುವುದು ವಾರಗಟ್ಟಲೆ ತಡ. ಒಂಬೈನೂರಕ್ಕೂ ಹೆಚ್ಚು ಲೇಖಕರು ಸಹಿ ಹಾಕಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಎರಡು ಪುಟದ ಜಾಹೀರಾತು ಕೊಟ್ಟರು. ಸ್ವಂತವಾಗಿ ಪ್ರಕಟಿಸುವ ಸಾವಿರಾರು ಲೇಖಕರು ಅಮೆಜಾನ್ ಪರವಾಗಿ ಸಹಿ ಹಾಕಿದರು. 14.99ಕ್ಕೆ ನೂರು ಪ್ರತಿ ಹೋಗುವ ಕಡೆ 9.99ಕ್ಕೆ 174 ಹೋಗುತ್ತವೆ ಎಂದು ಅಮೆಜಾನ್ ತನ್ನ ಲೆಕ್ಕ ಮುಂದಿಟ್ಟಿತು. ನವೆಂಬರ್ 13ರಂದು ಒಪ್ಪಂದವಾಯಿತು: ಬೆಲೆ ಕಟ್ಟುವುದು ಹ್ಯಾಷೆಟ್. ಸೈಮನ್ ಅಂಡ್ ಶುಸ್ಟರ್ ಅದಕ್ಕೂ ಮೊದಲೇ, ಮ್ಯಾಕ್‌ಮಿಲನ್ ಅದೇ ಡಿಸೆಂಬರಿನಲ್ಲಿ ಇಂಥದೇ ಒಪ್ಪಂದ ಪಡೆದವು. 2015ರಲ್ಲಿ ದೊಡ್ಡ ಪ್ರಕಾಶಕರ ಹೊಸ ಇ-ಪುಸ್ತಕಗಳ ಮೇಲೆ 12.99, 14.99 ಎಂಬ ಅಂಕಿಗಳು ಮತ್ತೆ ಕಾಣಿಸಿಕೊಂಡವು. ಶಿಕಾಗೋದ ವಿತರಕರ ಪಟ್ಟಿಯಲ್ಲಿರುವಂಥ ಪ್ರಕಾಶಕರಿಗೆ ಇಂಥ ಒಪ್ಪಂದದ ಕರೆ ಬರಲಿಲ್ಲ.

ಆ್ಯಪಲ್ ಕಟ್ಟಿದ ದಂಡದ ಹಣ 2016ರ ಜೂನ್‌ನಲ್ಲಿ ಓದುಗರ ಖಾತೆಗಳಿಗೆ ಜಮೆಯಾಯಿತು. ಹೆಚ್ಚು ಮಾರಾಟವಾದ ಪಟ್ಟಿಯ ಪುಸ್ತಕಕ್ಕೆ 6.93 ಡಾಲರ್, ಉಳಿದವಕ್ಕೆ 1.57. ಇ-ಪುಸ್ತಕಗಳನ್ನು ಹೆಚ್ಚಿನವರು ಕೊಂಡಿದ್ದದ್ದು ಅಮೆಜಾನ್‌ನಲ್ಲಿ. ಅವರಿಗೆ ಹಣ ಬಂದದ್ದು ನಗದಾಗಿ ಅಲ್ಲ, ಅಂಗಡಿಯ ಜಮೆಯಾಗಿ. ವರ್ಷದೊಳಗೆ ಅದನ್ನು ಅಮೆಜಾನ್‌ನಲ್ಲೇ ಖರ್ಚು ಮಾಡಬೇಕಿತ್ತು.